‘ಮೆಟಿಕ್ಯುಲಸ್’ ಹೊಗಳಿಕೆಯೋ, ದೂರೋ?

ಪ್ರಶ್ನೆ: ಬೆಂಗಳೂರಿನ ಪೀಣ್ಯದಲ್ಲಿ ಯಂತ್ರಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದೇನೆ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮ, ಆಮೇಲೆ ಡಿಪ್ಲೊಮಾ. ಈ ಸಲದ ಅಪ್ರೈಸಲ್‌ನಲ್ಲಿ ಮ್ಯಾನೇಜರ್ ನನ್ನ ಬಗ್ಗೆ ‘ಹೀ ಈಸ್ ಮೆಟಿಕ್ಯುಲಸ್ ಇನ್ ಹಿಸ್ ವರ್ಕ್, ಸಮ್‌ಟೈಮ್ಸ್ ಟು ಎ ಫಾಲ್ಟ್’ ಎಂದು ಬರೆದಿದ್ದಾರೆ. ನನ್ನ ಕೆಲಸದಲ್ಲಿ ತಪ್ಪಾಗುತ್ತಿದೆ ಎಂದು ಇದರ ಅರ್ಥವೇ? ಅವೆನ್ಯೂ ರಸ್ತೆಯಲ್ಲಿ ಕೊಂಡ ಹಳೆಯ ಡಿಕ್ಷನರಿಯಲ್ಲಿ ‘ಮೆಟಿಕ್ಯುಲಸ್’ ಎಂದರೆ ಸಣ್ಣಪುಟ್ಟ ವಿವರಗಳಿಗೆ ಅತಿಯಾಗಿ ತಲೆಕೆಡಿಸಿಕೊಳ್ಳುವವ ಎಂದಿದೆ. ಮೊಬೈಲಿನಲ್ಲಿ ನೋಡಿದರೆ ಬಹಳ ಎಚ್ಚರಿಕೆಯಿಂದ ಕೆಲಸ ಮಾಡುವವ ಎಂದಿದೆ. ಯಾವುದು ಸರಿ? ಈ ಪದವನ್ನು ನಾನು ಬಳಸುವುದಾದರೆ ಹೇಗೆ ಬಳಸಬೇಕು? ಇಂಥ ಪದಗಳನ್ನು ಕಲಿಯಲು ಏನಾದರೂ ಕ್ರಮ ಇದೆಯೇ?

ಉತ್ತರ: ಮೊದಲು ನಿಮ್ಮ ಆತಂಕದ ಮಾತು. ನಿಮ್ಮ ಕೆಲಸದಲ್ಲಿ ತಪ್ಪಿದೆ ಎಂದು ಮ್ಯಾನೇಜರ್ ಬರೆದಿಲ್ಲ. ಹೊಗಳಿದ್ದಾರೆ, ಕೊನೆಯಲ್ಲಿ ಮೆಲ್ಲಗೆ ಒಂದು ಸೂಚನೆಯನ್ನೂ ಸೇರಿಸಿದ್ದಾರೆ.

ಗೊಂದಲ ಹುಟ್ಟಿರುವುದು ‘ಫಾಲ್ಟ್’ ಎಂಬ ಮಾತಿನಿಂದ. ಕಾರ್ಖಾನೆಯಲ್ಲಿ ದಿನವಿಡೀ ಮಷೀನ್ ಫಾಲ್ಟ್, ಎಲೆಕ್ಟ್ರಿಕಲ್ ಫಾಲ್ಟ್ ಎಂದು ಕೇಳಿದ ಕಿವಿಗೆ ‘ಟು ಎ ಫಾಲ್ಟ್’ ಎಂದರೂ ದೋಷವೇ ಕೇಳಿಸುತ್ತದೆ. ಆದರೆ ಈ ಮೂರು ಪದ ಒಟ್ಟಿಗೆ ಬಂದಾಗ ಅದೊಂದು ನುಡಿಗಟ್ಟು. ಒಳ್ಳೆಯ ಗುಣವೊಂದು ಎಷ್ಟು ಹೆಚ್ಚಾಗಿದೆಯೆಂದರೆ ಅದೇ ಒಂದು ಕೊರತೆ ಎನ್ನಿಸುವ ಗಡಿ ಮುಟ್ಟಿದೆ ಎಂದು ಅದರ ಅರ್ಥ. ‘ಜೆನರಸ್ ಟು ಎ ಫಾಲ್ಟ್’ ಎಂದರೆ ತನಗಿಲ್ಲದಿದ್ದರೂ ಕೊಡುವಷ್ಟು ಉದಾರಿ. ‘ಆನೆಸ್ಟ್ ಟು ಎ ಫಾಲ್ಟ್’ ಎಂದರೆ ಎದುರಿನವರಿಗೆ ನೋವಾದರೂ ಸತ್ಯವನ್ನೇ ಹೇಳುವವರು. ಈ ನುಡಿಗಟ್ಟಿಗೆ ಮೊದಲು ಬರುವುದು ಒಳ್ಳೆಯ ಗುಣವೇ; ‘ಲೇಜಿ ಟು ಎ ಫಾಲ್ಟ್’ ಎಂದು ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ. ಹಾಗಾಗಿ ನಿಮ್ಮ ಮ್ಯಾನೇಜರ್ ‘ಮೆಟಿಕ್ಯುಲಸ್’ ಎಂಬುದನ್ನು ಒಳ್ಳೆಯ ಗುಣವೆಂದೇ ಎಣಿಸಿದ್ದಾರೆ ಎಂಬುದಕ್ಕೆ ಆ ವಾಕ್ಯವೇ ಸಾಕ್ಷಿ. ‘ಸಮ್‌ಟೈಮ್ಸ್’ ಸೇರಿಸಿ ಮಾತನ್ನು ಇನ್ನಷ್ಟು ಮೃದುಗೊಳಿಸಿದ್ದಾರೆ.

ಕನ್ನಡದಲ್ಲಿ ಹೇಳುವುದಾದರೆ: ‘ಕೆಲಸದಲ್ಲಿ ಬಹಳ ಅಚ್ಚುಕಟ್ಟು, ಒಮ್ಮೊಮ್ಮೆ ಅದು ಸ್ವಲ್ಪ ಅತಿಯಾಗುತ್ತದೆ.’ ಕ್ವಾಲಿಟಿ ವಿಭಾಗದವರಿಗೆ ಈ ಮಾತು ಬಂದರೆ ಬಹುಮಟ್ಟಿಗೆ ಅದು ಸಮಯದ ವಿಷಯ. ಎರಡು ಸಲ ಅಳೆದರೆ ಸಾಕಾದದ್ದನ್ನು ನಾಲ್ಕು ಸಲ ಅಳೆಯುವುದು, ಟಾಲರೆನ್ಸ್ (ಅಳತೆಯಲ್ಲಿ ಒಪ್ಪಬಹುದಾದ ಹೆಚ್ಚುಕಡಿಮೆ) ಒಳಗೇ ಇರುವ ತುಣುಕನ್ನು ಪಕ್ಕಕ್ಕಿಡುವುದು, ಅದರಿಂದ ಡಿಸ್ಪ್ಯಾಚ್ ತಡವಾಗುವುದು. ನಿಮ್ಮ ವಿಷಯದಲ್ಲಿ ಏನೆಂದು ಊಹಿಸುತ್ತ ಕೂರುವುದಕ್ಕಿಂತ ಅವರನ್ನೇ ಕೇಳಿಬಿಡಿ. ಕೇಳಲು ಒಂದು ವಾಕ್ಯ: ‘ಕುಡ್ ಯು ಟೆಲ್ ಮಿ ವೇರ್ ಐ ಕ್ಯಾನ್ ಸೇವ್ ಟೈಮ್ ವಿದೌಟ್ ಲೋವರಿಂಗ್ ಕ್ವಾಲಿಟಿ?’ ಇದರಲ್ಲಿ ಕಷ್ಟದ ಪದ ಒಂದೂ ಇಲ್ಲ, ಕೇಳಬೇಕಾದದ್ದೆಲ್ಲ ಇದೆ.

ಇನ್ನು ನಿಮ್ಮ ಎರಡು ಡಿಕ್ಷನರಿಗಳ ಜಗಳ. ಎರಡೂ ಸರಿ, ಅವು ಬೇರೆ ಬೇರೆ ಕಾಲದ ಇಂಗ್ಲಿಷನ್ನು ಹೇಳುತ್ತಿವೆ. ಈ ಪದದ ಅರ್ಥ ಬಹಳ ದೂರ ಸರಿದು ಬಂದಿದೆ, ಆದ್ದರಿಂದ ಇದರ ಚರಿತ್ರೆಯನ್ನು ಸ್ವಲ್ಪ ಬಿಡಿಸಿ ನೋಡುವುದು ಒಳ್ಳೆಯದು.

ಲ್ಯಾಟಿನ್‌ನಲ್ಲಿ ‘ಮೆಟುಸ್’ ಎಂದರೆ ಭಯ. ಅದರಿಂದ ಹುಟ್ಟಿದ ‘ಮೆಟಿಕುಲೋಸುಸ್’ ಎಂದರೆ ಭಯ ತುಂಬಿದ್ದು. ಕ್ರಿಸ್ತಪೂರ್ವ 200ರ ಆಸುಪಾಸಿನ ರೋಮನ್ ಹಾಸ್ಯ ನಾಟಕಕಾರ ಪ್ಲಾಟಸ್ ಈ ಪದವನ್ನು ಹೆದರುವ ಮನುಷ್ಯನಿಗೂ ಬಳಸಿದ್ದಾನೆ, ಹೆದರಿಕೆ ಹುಟ್ಟಿಸುವ ಸಂಗತಿಗೂ ಬಳಸಿದ್ದಾನೆ. ನ್ಯಾಯಾಧೀಶರ ಮುಂದೆ ಹೋಗುವುದು ಎಷ್ಟು ಭಯದ ವಿಷಯ ಎಂಬ ಮಾತು ಅವನ ಒಂದು ನಾಟಕದಲ್ಲಿ ಈ ಪದದೊಂದಿಗೇ ಬರುತ್ತದೆ. 16ನೇ ಶತಮಾನದಲ್ಲಿ ಇಂಗ್ಲಿಷ್‌ಗೆ ಬಂದಾಗಲೂ ‘ಮೆಟಿಕ್ಯುಲಸ್’ ಎಂದರೆ ಅಂಜುಬುರುಕ. ಆ ಪದ 1700ರ ಹೊತ್ತಿಗೆ ಬಳಕೆಯಿಂದ ಬಿದ್ದುಹೋಯಿತು.

1820ರ ದಶಕದಲ್ಲಿ ಅದು ಮತ್ತೆ ಬಂತು, ಈ ಸಲ ಫ್ರೆಂಚ್ ಮೂಲಕ. ಅಷ್ಟರಲ್ಲಿ ಫ್ರೆಂಚರು ಅದಕ್ಕೆ ಬೇರೆ ಬಣ್ಣ ಹಚ್ಚಿದ್ದರು: ತಪ್ಪಾದೀತು ಎಂಬ ಅಂಜಿಕೆಯಿಂದ ಸಣ್ಣಪುಟ್ಟದ್ದನ್ನೆಲ್ಲ ಮತ್ತೆ ಮತ್ತೆ ತಡವಿ ನೋಡುವವನು. ಭಯ ಪೂರ್ತಿ ಹೋಗಿರಲಿಲ್ಲ; ಹುಲಿಯ ಭಯ, ಕಳ್ಳರ ಭಯ ಹೋಗಿ ತಪ್ಪಿನ ಭಯ ಮಾತ್ರ ಉಳಿದಿತ್ತು. ನಿಮ್ಮ ಹಳೆಯ ಡಿಕ್ಷನರಿ ಹೇಳುತ್ತಿರುವುದು ಈ ಘಟ್ಟದ ಅರ್ಥ. 20ನೇ ಶತಮಾನದಲ್ಲಿ ಪತ್ರಿಕೆಗಳವರು ಇದನ್ನು ಧಾರಾಳವಾಗಿ ಬಳಸತೊಡಗಿದರು. ಭಯವೂ ಉದುರಿತು, ‘ಅತಿ’ ಎಂಬುದೂ ಉದುರಿತು, ವಿವರಗಳ ಮೇಲಿನ ಗಮನ ಮಾತ್ರ ಉಳಿಯಿತು. ಇಂಗ್ಲಿಷ್ ಬಳಕೆಯ ಬಗ್ಗೆ ಬಹಳ ಪ್ರಭಾವ ಬೀರಿದ ಎಚ್. ಡಬ್ಲ್ಯು. ಫೌಲರ್ 1926ರಲ್ಲಿ ಪ್ರಕಟಿಸಿದ ಬಳಕೆಯ ನಿಘಂಟಿನಲ್ಲಿ ಇದನ್ನು ಕಟುವಾಗಿ ವಿರೋಧಿಸಿದರು: ಮೂಲದಲ್ಲಿ ಭಯವಿರುವ ಪದವನ್ನು ಬರೀ ಎಚ್ಚರಿಕೆಗೆ ಏಕೆ ಬಳಸಬೇಕು, ಅದಕ್ಕೆ ಬೇರೆ ಪದಗಳಿಲ್ಲವೇ ಎಂಬುದು ಅವರ ವಾದ. ಜನ ಕೇಳಲಿಲ್ಲ. ಇವತ್ತು ಇಂಗ್ಲಿಷ್ ಮಾತಾಡುವವರಲ್ಲಿ ಹೆಚ್ಚಿನವರಿಗೆ ಇದರೊಳಗೆ ಭಯವಿತ್ತೆಂಬುದೇ ತಿಳಿಯದು.

ಕನ್ನಡದಲ್ಲೂ ಇಂಥ ದಾರಿ ಇದೆ. ‘ಭಯಂಕರ ಬುದ್ಧಿವಂತ’ ಎನ್ನುವಾಗ ಯಾರೂ ಹೆದರಿರುವುದಿಲ್ಲ. ಭಯದ ಪದ ಹೊಗಳಿಕೆಗೆ ಒತ್ತು ಕೊಡುವ ಪದವಾಗಿದೆ.

ಇಲ್ಲಿ ಇನ್ನೊಂದು ಎಚ್ಚರಿಕೆ. ನಿಮ್ಮದು ಅಳತೆಯ ಕೆಲಸವಾದ್ದರಿಂದ ‘ಮೆಟಿಕ್ಯುಲಸ್’ ಬಂದದ್ದು ‘ಮೀಟರ್’ನಿಂದ ಎಂದು ಯಾರಾದರೂ ಹೇಳಿದರೆ ನಂಬುವಂತಿರುತ್ತದೆ. ನಂಬಬೇಡಿ. ಮೀಟರ್ ಬಂದದ್ದು ಗ್ರೀಕ್‌ನ ಅಳತೆ ಎಂಬ ಪದದಿಂದ, ಇವೆರಡಕ್ಕೂ ನಂಟಿಲ್ಲ.

ಹಳೆಯ ಡಿಕ್ಷನರಿಯನ್ನು ನಂಬುವ ಮುನ್ನ ಶೀರ್ಷಿಕೆ ಪುಟದ ಹಿಂಬದಿ ನೋಡಿ. ಅಲ್ಲಿ ಮರುಮುದ್ರಣದ ವರ್ಷಗಳ ಸಾಲು ಇರುತ್ತದೆ. ಕೊನೆಯ ವರ್ಷ ನೋಡಿ ಪುಸ್ತಕ ಹೊಸದೆಂದುಕೊಳ್ಳುವುದು ಸಾಮಾನ್ಯ ತಪ್ಪು. ಮರುಮುದ್ರಣವಾದಾಗ ಅರ್ಥಗಳನ್ನು ತಿದ್ದಿರುವುದಿಲ್ಲ; ಆವೃತ್ತಿ ಬದಲಾದಾಗ ಮಾತ್ರ ತಿದ್ದುತ್ತಾರೆ. 1964ರ ಆವೃತ್ತಿ 1985ರಲ್ಲಿ ಮರುಮುದ್ರಣವಾಗಿದ್ದರೂ ಅದು 1964ರ ಇಂಗ್ಲಿಷೇ.

ಉಚ್ಚಾರಣೆಗೆ ಬರೋಣ. ಹತ್ತು ಅಕ್ಷರ: ಎಂ, ಇ, ಟಿ, ಐ, ಸಿ, ಯು, ಎಲ್, ಓ, ಯು, ಎಸ್. ‘ಟಿ’ ಒಂದೇ, ಕೊನೆಯಲ್ಲಿ ‘ಓ, ಯು, ಎಸ್’ ಮೂರೂ ಬೇಕು. ಹೇಳುವಾಗ ನಾಲ್ಕು ತುಂಡು: ಮಿ, ಟಿಕ್, ಯು, ಲಸ್. ಕನ್ನಡದಲ್ಲಿ ನಾವು ಎಲ್ಲ ಅಕ್ಷರಗಳಿಗೂ ಹೆಚ್ಚುಕಡಿಮೆ ಸಮ ತೂಕ ಕೊಡುತ್ತೇವೆ. ಇಂಗ್ಲಿಷ್‌ನಲ್ಲಿ ಒಂದು ತುಂಡಿನ ಮೇಲೆ ಒತ್ತು ಬಿದ್ದು ಉಳಿದವು ಕುಗ್ಗಬೇಕು. ಇಲ್ಲಿ ಒತ್ತು ‘ಟಿಕ್’ ಮೇಲೆ. ಮೊದಲ ತುಂಡನ್ನು ‘ಮೆ’ ಎಂದು ತುಂಬಿ ಹೇಳದೆ ‘ಮಿ’ ಎಂದು ಹಗುರಾಗಿ ಮುಗಿಸಿ, ‘ಟಿಕ್’ ಅನ್ನು ಜೋರಾಗಿ, ತುಸು ಉದ್ದವಾಗಿ ಹೇಳಿ, ಕೊನೆಯ ಎರಡನ್ನು ಬೇಗ ಜಾರಿಸಿಬಿಡಿ. ‘ಮೆ’ ಮೇಲೆ ಒತ್ತು ಹಾಕಿದರೆ ಪರದೇಶದ ಗ್ರಾಹಕರೊಂದಿಗೆ ಫೋನ್‌ನಲ್ಲಿ ಮಾತಾಡುವಾಗ ಅವರು ಮತ್ತೊಮ್ಮೆ ಹೇಳಿ ಎನ್ನಬಹುದು.

ಈ ಒತ್ತಿಗೆ ಒಂದು ನಿಯಮವಿದೆ, ಒಮ್ಮೆ ಹಿಡಿದರೆ ಹತ್ತಾರು ಪದ ಸರಿಹೋಗುತ್ತವೆ. ‘ಯುಲಸ್’ ಎಂದು ಮುಗಿಯುವ ವಿಶೇಷಣಗಳಲ್ಲಿ ಒತ್ತು ಅದರ ಹಿಂದಿನ ತುಂಡಿನ ಮೇಲೆ ಬೀಳುತ್ತದೆ. ‘ಫ್ಯಾಬ್ಯುಲಸ್’ನಲ್ಲಿ ‘ಫ್ಯಾಬ್’, ‘ರಿಡಿಕ್ಯುಲಸ್’ನಲ್ಲಿ ‘ಡಿಕ್’, ‘ಮಿರ್‍ಯಾಕ್ಯುಲಸ್’ನಲ್ಲಿ ‘ರ್‍ಯಾಕ್’, ‘ಸ್ಕ್ರೂಪ್ಯುಲಸ್’ನಲ್ಲಿ ‘ಸ್ಕ್ರೂಪ್’. ಮುಂದೆ ‘ಲಿ’ ಅಥವಾ ‘ನೆಸ್’ ಸೇರಿಸಿ ‘ಮೆಟಿಕ್ಯುಲಸ್ಲಿ’, ‘ಮೆಟಿಕ್ಯುಲಸ್‌ನೆಸ್’ ಮಾಡಿದರೂ ಒತ್ತು ಜಾಗ ಬಿಟ್ಟು ಕದಲುವುದಿಲ್ಲ.

ಈಗ ಬಳಕೆ. ಕನ್ನಡ ಅರ್ಥವೊಂದನ್ನು ಪಕ್ಕದಲ್ಲಿ ಬರೆದುಕೊಂಡು ಪದ ಕಲಿತೆವೆಂದು ತಿಳಿಯುವವರು ಎಡವುವುದು ಇಲ್ಲೇ. ವಿಶೇಷಣವನ್ನು ಒಂಟಿಯಾಗಿ ಕಲಿಯಬಾರದು. ಯಾವ ನಾಮಪದಗಳ ಜೊತೆ ಓಡಾಡುತ್ತದೆ, ಯಾವುದರ ಹತ್ತಿರ ಸುಳಿಯುವುದಿಲ್ಲ, ಅದರ ನಂತರ ಯಾವ ಸಂಬಂಧಸೂಚಕ (‘ಇನ್’, ‘ಅಬೌಟ್’ನಂಥ ಪ್ರಿಪೊಸಿಷನ್) ಬರುತ್ತದೆ ಎಂಬ ಮೂರು ತಿಳಿಯದೆ ಅದು ನಿಮ್ಮದಾಗುವುದಿಲ್ಲ.

‘ಮೆಟಿಕ್ಯುಲಸ್’ ಅಂಟಿಕೊಳ್ಳುವುದು ಕೆಲಸ ಮಾಡುವವರಿಗೆ, ಕೆಲಸ ಮಾಡುವ ರೀತಿಗೆ, ಮತ್ತು ಆ ರೀತಿ ಎದ್ದು ಕಾಣುವ ದಾಖಲೆಗಳಿಗೆ. ಮಾಡುವವರು: ‘ಮೆಟಿಕ್ಯುಲಸ್ ಪ್ಲಾನರ್’, ‘ಮೆಟಿಕ್ಯುಲಸ್ ಎಡಿಟರ್’. ರೀತಿ: ‘ಮೆಟಿಕ್ಯುಲಸ್ ಪ್ಲಾನಿಂಗ್’, ‘ಮೆಟಿಕ್ಯುಲಸ್ ರಿಸರ್ಚ್’, ‘ಮೆಟಿಕ್ಯುಲಸ್ ಕೇರ್’, ‘ಮೆಟಿಕ್ಯುಲಸ್ ಅಟೆನ್ಷನ್ ಟು ಡೀಟೇಲ್’. ದಾಖಲೆ: ‘ಮೆಟಿಕ್ಯುಲಸ್ ನೋಟ್ಸ್’, ‘ಮೆಟಿಕ್ಯುಲಸ್ ರೆಕಾರ್ಡ್ಸ್’. ‘ಇನ್ ಮೆಟಿಕ್ಯುಲಸ್ ಡೀಟೇಲ್’ ಎಂದರೆ ಎಳೆಎಳೆಯಾಗಿ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ಮೇಲೆ ಇಳಿದಾಗ ಅದರ ಮೇಲೆ ಕಣ್ಣಿಟ್ಟಿದ್ದ ಇಸ್ರೋದ ಇಸ್ಟ್ರ್ಯಾಕ್ ಕೇಂದ್ರ ಇರುವುದು ನಿಮ್ಮ ಪೀಣ್ಯದಲ್ಲೇ. ‘ದ ಲ್ಯಾಂಡಿಂಗ್ ವಾಸ್ ದ ರಿಸಲ್ಟ್ ಆಫ್ ಯಿಯರ್ಸ್ ಆಫ್ ಮೆಟಿಕ್ಯುಲಸ್ ಪ್ಲಾನಿಂಗ್’ ಎಂಬ ವಾಕ್ಯವನ್ನು ಗಮನಿಸಿ. ‘ಮೆಟಿಕ್ಯುಲಸ್’ ಕೂತಿರುವುದು ‘ಪ್ಲಾನಿಂಗ್’ ಮುಂದೆ. ‘ರಿಸಲ್ಟ್’ ಮುಂದೆ ಕೂರುವುದಿಲ್ಲ. ‘ಮೆಟಿಕ್ಯುಲಸ್ ರಿಸಲ್ಟ್’ ಎಂದು ಹೇಳುವ ರೂಢಿಯಿಲ್ಲ.

ಫಲಿತಾಂಶಕ್ಕೂ ಉಪಕರಣಕ್ಕೂ ಬೇರೆ ಪದಗಳಿವೆ. ನಿಮ್ಮ ಮೈಕ್ರೊಮೀಟರ್ 0.01 ಮಿಲಿಮೀಟರ್‌ವರೆಗೆ ಓದುತ್ತದೆ ಎಂದಾಗ ಅದು ‘ಪ್ರಿಸೈಸ್’. ಓದಿದ ಅಳತೆ ನಿಜವಾದ ಅಳತೆಗೆ ಹೊಂದಿದರೆ ‘ಅಕ್ಯುರೇಟ್’. ಪ್ರತಿ ಬೆಳಗ್ಗೆ ಅದರ ಸೊನ್ನೆ ಸರಿಯಿದೆಯೇ ಎಂದು ನೋಡಿ, ಅಳೆಯುವ ಮುಖಗಳನ್ನು ಒರೆಸಿ, ದಾಖಲೆ ಪುಸ್ತಕದಲ್ಲಿ ಬರೆಯುವ ನೀವು ‘ಮೆಟಿಕ್ಯುಲಸ್’. ಉಪಕರಣಕ್ಕೆ ಮನಸ್ಸಿಲ್ಲ, ಆದ್ದರಿಂದ ಅದಕ್ಕೆ ಈ ಪದ ಸಲ್ಲದು. ಫಳಫಳ ಹೊಳೆಯುವ ಮನೆಯನ್ನು ‘ಮೆಟಿಕ್ಯುಲಸ್ ಹೌಸ್’ ಎನ್ನುವುದಿಲ್ಲ, ‘ಇಮ್ಯಾಕ್ಯುಲೆಟ್ ಹೌಸ್’ ಎನ್ನುತ್ತಾರೆ. ಅದನ್ನು ಹಾಗಿಟ್ಟವರು ‘ಮೆಟಿಕ್ಯುಲಸ್’.

‘ಕೇರ್‌ಫುಲ್’ ಇದ್ದ ಕಡೆಯೆಲ್ಲ ಇದನ್ನು ತುರುಕುವುದು ಇನ್ನೊಂದು ಸಾಮಾನ್ಯ ತಪ್ಪು. ‘ಕೇರ್‌ಫುಲ್’ ಎರಡು ಕೆಲಸ ಮಾಡುತ್ತದೆ: ಅಪಾಯದಿಂದ ದೂರವಿರುವ ಎಚ್ಚರಿಕೆ, ಕೆಲಸದಲ್ಲಿನ ಜಾಗರೂಕತೆ. ‘ಮೆಟಿಕ್ಯುಲಸ್’ ಎರಡನೆಯದಕ್ಕೆ ಮಾತ್ರ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ರಸ್ತೆ ದಾಟುವವರಿಗೆ ‘ಬಿ ಕೇರ್‌ಫುಲ್’ ಎನ್ನಿ. ‘ಬಿ ಮೆಟಿಕ್ಯುಲಸ್’ ಎಂದರೆ ಏನು ಮಾಡಬೇಕೆಂದು ಅವರಿಗೆ ತಿಳಿಯದು.

ಸಂಬಂಧಸೂಚಕ ಎರಡು ಸಾಕು. ಯಾವ ವಿಷಯದ ಬಗ್ಗೆ ಎಂದು ಹೇಳಲು ‘ಅಬೌಟ್’: ‘ಶೀ ಈಸ್ ಮೆಟಿಕ್ಯುಲಸ್ ಅಬೌಟ್ ಹರ್ ಅಕೌಂಟ್ಸ್’. ಯಾವ ಕೆಲಸದಲ್ಲಿ ಎನ್ನಲು ‘ಇನ್’: ‘ಹೀ ಈಸ್ ಮೆಟಿಕ್ಯುಲಸ್ ಇನ್ ಚೆಕ್ಕಿಂಗ್ ಇನ್‌ವಾಯ್ಸಸ್’. ಕನ್ನಡದ ‘ಬಗ್ಗೆ’ ಮತ್ತು ‘ಅಲ್ಲಿ’ ಇವಕ್ಕೆ ನೇರ ಹೊಂದುವುದರಿಂದ ನಮಗೆ ಇದು ಸುಲಭ. ‘ಮೆಟಿಕ್ಯುಲಸ್ ಟು ಡೀಟೇಲ್ಸ್’ ಮಾತ್ರ ತಪ್ಪು. ‘ಅಟೆನ್ಷನ್ ಟು ಡೀಟೇಲ್’ ಕೇಳಿದ ಕಿವಿ ಆ ‘ಟು’ವನ್ನು ಇಲ್ಲಿಗೂ ಎಳೆದು ತರುತ್ತದೆ.

‘ಮೆಟಿಕ್ಯುಲಸ್’ ಎಲ್ಲಿ, ‘ಮೆಟಿಕ್ಯುಲಸ್ಲಿ’ ಎಲ್ಲಿ ಎಂಬುದಕ್ಕೆ ಕನ್ನಡವೇ ಒರೆಗಲ್ಲು. ‘ಅಚ್ಚುಕಟ್ಟಾದ’ ಎಂದು ಹೇಳಬೇಕಾದಲ್ಲಿ ಮೊದಲನೆಯದು, ‘ಅಚ್ಚುಕಟ್ಟಾಗಿ’ ಬರುವಲ್ಲಿ ಎರಡನೆಯದು. ‘ಹೀ ವರ್ಕ್ಸ್ ಮೆಟಿಕ್ಯುಲಸ್’ ತಪ್ಪು, ಏಕೆಂದರೆ ಅಚ್ಚುಕಟ್ಟಾಗಿ ಕೆಲಸ ಮಾಡುತ್ತಾನೆ ಎನ್ನುತ್ತೇವೆ. ‘ಲಿ’ ರೂಪವನ್ನು ಕ್ರಿಯಾಪದಕ್ಕೆ ಮೊದಲು ಇಡಿ, ಇಲ್ಲವೇ ವಾಕ್ಯದ ಕೊನೆಗೆ ಇಡಿ. ಕ್ರಿಯಾಪದಕ್ಕೂ ಅದರ ಕರ್ಮಕ್ಕೂ ನಡುವೆ ತೂರಿಸಬೇಡಿ. ‘ಶೀ ಮೆಟಿಕ್ಯುಲಸ್ಲಿ ಚೆಕ್ಡ್ ಎವ್ರಿ ಇನ್‌ವಾಯ್ಸ್’ ಚೆನ್ನ. ‘ಶೀ ಚೆಕ್ಡ್ ಮೆಟಿಕ್ಯುಲಸ್ಲಿ ಎವ್ರಿ ಇನ್‌ವಾಯ್ಸ್’ ಎಂದರೆ ವಾಕ್ಯ ಕುಂಟುತ್ತದೆ.

‘ವೆರಿ ಮೆಟಿಕ್ಯುಲಸ್’, ‘ಮೋರ್ ಮೆಟಿಕ್ಯುಲಸ್’ ಎರಡೂ ಸರಿ. ‘ಟೂ ಮೆಟಿಕ್ಯುಲಸ್’ ಎನ್ನುವಾಗ ಮಾತ್ರ ಹುಷಾರು. ಬೆಂಗಳೂರಿನ ಆಫೀಸುಗಳಲ್ಲಿ ‘ಟೂ ಗುಡ್’ ಎಂದರೆ ಭೇಷ್ ಎಂದರ್ಥ, ‘ಟೂ’ ಎಂದರೆ ಬಹಳ ಎಂದೇ ನಾವು ತಿಳಿದಿದ್ದೇವೆ. ಬೇರೆಡೆಯ ಇಂಗ್ಲಿಷ್‌ನಲ್ಲಿ ‘ಟೂ’ ಎಂದರೆ ಬೇಕಾದ್ದಕ್ಕಿಂತ ಹೆಚ್ಚು. ‘ಯು ಆರ್ ಟೂ ಮೆಟಿಕ್ಯುಲಸ್’ ಎಂದು ನೀವು ಪ್ರೀತಿಯಿಂದ ಬರೆದರೂ ಓದಿದವರಿಗೆ ಅದು ದೂರು.

ಈಗ ನೆರೆಹೊರೆಯ ಪದಗಳು. ಒಂದು ವಿಶೇಷಣದ ಎಲ್ಲೆ ತಿಳಿಯುವುದು ಪಕ್ಕದವರ ಎಲ್ಲೆ ಎಲ್ಲಿಂದ ಶುರುವಾಗುತ್ತದೆ ಎಂದು ನೋಡಿದಾಗ. ಅಚ್ಚುಕಟ್ಟಿನ ಸುತ್ತ ಇಂಗ್ಲಿಷ್‌ನಲ್ಲಿ ದೊಡ್ಡ ಕೇರಿಯೇ ಇದೆ, ಎಲ್ಲರೂ ಒಂದೇ ಸ್ವಭಾವದವರಲ್ಲ.

‘ಥರೋ’ ಎಂದರೆ ಪೂರ್ತಿ, ಏನನ್ನೂ ಬಿಡದೆ. ಕನ್ನಡದ ‘ಕೂಲಂಕಷ’ ಇದಕ್ಕೆ ಹತ್ತಿರ. ಇನ್ನೂರು ತುಣುಕಿನ ಲಾಟ್‌ನಲ್ಲಿ ಇನ್ನೂರನ್ನೂ ನೋಡಿದರೆ ಅದು ‘ಥರೋ’. ಒಂದೊಂದರ ಅಂಚು, ಗೀರು, ತಿರುಪಿನ ಎಳೆ ಎಲ್ಲವನ್ನೂ ಬೆಳಕಿಗೆ ಹಿಡಿದು ನೋಡಿದರೆ ‘ಮೆಟಿಕ್ಯುಲಸ್’. ಮೊದಲನೆಯದು ವ್ಯಾಪ್ತಿಯ ಮಾತು, ಎರಡನೆಯದು ಸೂಕ್ಷ್ಮತೆಯ ಮಾತು. ಆಫೀಸಿನ ಬರಹದಲ್ಲಿ ಹೆಚ್ಚು ಸಲ ಬೇಕಾಗುವುದು ‘ಥರೋ’, ಜನ ಬರೆಯುವುದು ‘ಮೆಟಿಕ್ಯುಲಸ್’. ಸರಳ ಪದ ಸಾಕಾದಲ್ಲಿ ಅದನ್ನೇ ಬಳಸಿ ಎಂಬುದು ನಮ್ಮ ಗಟ್ಟಿ ಅಭಿಪ್ರಾಯ.

‘ಪೇನ್ಸ್‌ಟೇಕಿಂಗ್’ನಲ್ಲಿ ಶ್ರಮವಿದೆ. ಅದನ್ನು ‘ಪೇನ್ಸ್’ ಮತ್ತು ‘ಟೇಕಿಂಗ್’ ಎಂದು ಒಡೆಯಬೇಕು, ‘ಪೇನ್ ಸ್ಟೇಕಿಂಗ್’ ಎಂದಲ್ಲ. ಹೇಳುವಾಗ ‘ಪೇನ್ಜ಼್’ ಎಂಬ ಧ್ವನಿ ಬರುತ್ತದೆ. ಕಷ್ಟ ತೆಗೆದುಕೊಂಡು, ಬಹಳ ಕಾಲ ಹಿಡಿದು ಮಾಡಿದ ಕೆಲಸಕ್ಕೆ ಇದು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟು ದಶಕಗಳ ‘ಪೇನ್ಸ್‌ಟೇಕಿಂಗ್ ವರ್ಕ್’. ಅದರ ಸಂಪಾದಕರಾಗಿ ದುಡಿದ ಜಿ. ವೆಂಕಟಸುಬ್ಬಯ್ಯನವರು ‘ಮೆಟಿಕ್ಯುಲಸ್ ಸ್ಕಾಲರ್’. ಈ ಜೋಡಿಯನ್ನು ಹಾಗೇ ನೆನಪಿಡಿ, ಏಕೆಂದರೆ ‘ಪೇನ್ಸ್‌ಟೇಕಿಂಗ್’ ಹೆಚ್ಚಾಗಿ ಕೆಲಸಕ್ಕೆ, ‘ಮೆಟಿಕ್ಯುಲಸ್’ ಕೆಲಸಕ್ಕೂ ಜನರಿಗೂ.

‘ಸ್ಕ್ರೂಪ್ಯುಲಸ್’ ಹೊರಗಿನಿಂದ ಇದರ ತದ್ರೂಪ, ಒಳಗೆ ನೀತಿಯ ವಿಷಯ. ಲ್ಯಾಟಿನ್‌ನಲ್ಲಿ ‘ಸ್ಕ್ರೂಪುಲುಸ್’ ಎಂದರೆ ಚೂಪಾದ ಚಿಕ್ಕ ಕಲ್ಲು. ಚಪ್ಪಲಿಯೊಳಗೆ ಸೇರಿದ ಹರಳಿನಂತೆ ಮನಸ್ಸನ್ನು ಚುಚ್ಚುತ್ತಲೇ ಇರುವ ಅಳುಕು ಎಂಬ ಅರ್ಥ ಆಮೇಲೆ ಬಂತು. ಅದೇ ಮೂಲದ ‘ಸ್ಕ್ರೂಪಲ್’ ಹಿಂದಿನ ಔಷಧ ವ್ಯಾಪಾರಿಗಳ ಒಂದು ಸಣ್ಣ ತೂಕವೂ ಹೌದು: 20 ಗ್ರೇನ್, ಎಂದರೆ ಸುಮಾರು 1.3 ಗ್ರಾಂ. ಲೆಕ್ಕದಲ್ಲಿ ಒಂದು ರೂಪಾಯಿಯೂ ತಪ್ಪದಂತೆ ಬರೆಯುವವರು ‘ಮೆಟಿಕ್ಯುಲಸ್’. ಆ ಒಂದು ರೂಪಾಯಿಯನ್ನೂ ತನ್ನದಲ್ಲವೆಂದು ಮುಟ್ಟದವರು ‘ಸ್ಕ್ರೂಪ್ಯುಲಸ್’. ಕಳ್ಳಲೆಕ್ಕವನ್ನು ಅಂಕಿ ತಪ್ಪದಂತೆ ಬರೆಯುವವರು ‘ಮೆಟಿಕ್ಯುಲಸ್’ ಆಗಿರಬಹುದು, ‘ಸ್ಕ್ರೂಪ್ಯುಲಸ್’ ಅಂತೂ ಅಲ್ಲ. ಆಡಿಟ್ ವರದಿಯಲ್ಲಿ ಇವೆರಡು ಅದಲುಬದಲಾದರೆ ಅರ್ಥವೇ ತಿರುಗಿಬೀಳುತ್ತದೆ.

‘ಪಂಕ್ಟಿಲಿಯಸ್’ ಶಿಷ್ಟಾಚಾರ, ಕಟ್ಟಳೆ, ಸಮಯಪಾಲನೆಗೆ. ನಿಮಗೆ ಇದು ಓದಲು ತಿಳಿದಿದ್ದರೆ ಸಾಕು.

‘ಫಾಸ್ಟಿಡಿಯಸ್’ನಲ್ಲಿ ಗಾಳಿ ತಿರುಗುತ್ತದೆ. ಅದರ ಲ್ಯಾಟಿನ್ ಮೂಲದಲ್ಲಿ ಹೇಸಿಗೆ ಇದೆ. ಸುಲಭವಾಗಿ ಒಪ್ಪದ, ಸ್ವಲ್ಪ ಕೊಳೆಯಾದರೂ ಸಹಿಸದ ಸ್ವಭಾವಕ್ಕೆ ಈ ಪದ; ನಮ್ಮ ‘ಮಡಿವಂತ’ನ ಛಾಯೆ ಇದರಲ್ಲಿದೆ. ಉಡುಪು, ಶುಚಿ, ರುಚಿಯ ವಿಷಯದಲ್ಲಿ ಹೊಗಳಿಕೆಯೂ ಆಗಬಹುದು, ಆದರೆ ಅಪ್ರೈಸಲ್‌ನಲ್ಲಿ ಬಳಸದಿರುವುದೇ ಕ್ಷೇಮ. ಅಲ್ಲಿಂದ ಮುಂದೆ ‘ಫಸ್ಸಿ’, ‘ಫಿನಿಕಿ’, ‘ಪೆಡ್ಯಾಂಟಿಕ್’ ಎಲ್ಲವೂ ನೇರ ತೆಗಳಿಕೆ. ಮೊಸರಿನಲ್ಲಿ ಕಲ್ಲು ಹುಡುಕುವವರಿಗೆ ‘ನಿಟ್‌ಪಿಕಿಂಗ್’. ಮ್ಯಾನೇಜರ್‌ಗೆ ನಿಮ್ಮ ಮೇಲೆ ಅಸಮಾಧಾನವಿದ್ದಿದ್ದರೆ ಈ ಗುಂಪಿನಿಂದ ಒಂದನ್ನು ಎತ್ತಿಕೊಳ್ಳಲು ಅವರಿಗೆ ಅಡ್ಡಿಯಿರಲಿಲ್ಲ.

ನಿಮ್ಮ ಬಯೋಡೇಟಾದಲ್ಲಿ, ಮುಂದಿನ ಸೆಲ್ಫ್ ಅಪ್ರೈಸಲ್‌ನಲ್ಲಿ ಈ ಪದ ಹಾಕಿಕೊಳ್ಳಬೇಕೆನ್ನಿಸಬಹುದು. ಹಾಕಿಕೊಳ್ಳಿ, ಆದರೆ ಒಂಟಿಯಾಗಿ ಅಲ್ಲ. ‘ಐ ಆಮ್ ಎ ಮೆಟಿಕ್ಯುಲಸ್ ಅಂಡ್ ಹಾರ್ಡ್‌ವರ್ಕಿಂಗ್ ಪರ್ಸನ್’ ಎಂಬ ವಾಕ್ಯ ಏನನ್ನೂ ಸಾಬೀತು ಮಾಡುವುದಿಲ್ಲ. ‘ಐ ಕೀಪ್ ಮೆಟಿಕ್ಯುಲಸ್ ಕ್ಯಾಲಿಬ್ರೇಷನ್ ರೆಕಾರ್ಡ್ಸ್ ಫಾರ್ ಆಲ್ ಗೇಜಸ್ ಇನ್ ಮೈ ಸೆಕ್ಷನ್’ ಎಂದರೆ ಓದುವವರ ಕಣ್ಣಿಗೆ ದಾಖಲೆ ಪುಸ್ತಕ ಕಾಣುತ್ತದೆ. ಗೇಜ್‌ಗಳ ನಿಜವಾದ ಸಂಖ್ಯೆ ಸೇರಿಸಿದರೆ ಇನ್ನೂ ಗಟ್ಟಿ. ಇಡೀ ಬಯೋಡೇಟಾದಲ್ಲಿ ಒಂದು ಸಲ ಬಂದರೆ ಸಾಕು.

ಮಿತಿ ಏಕೆ ಎಂಬುದಕ್ಕೆ ಹೊಸ ಕಾರಣವೂ ಸೇರಿಕೊಂಡಿದೆ. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ, ಕೃತಕ ಬುದ್ಧಿಮತ್ತೆಯ ಸಮ್ಮೇಳನಗಳಿಗೆ ಬಂದ ಪ್ರಬಂಧಗಳ ವಿಮರ್ಶೆಗಳಲ್ಲಿ ‘ಮೆಟಿಕ್ಯುಲಸ್’, ‘ಇಂಟ್ರಿಕೇಟ್’, ‘ಕಮೆಂಡಬಲ್’ನಂಥ ಕೆಲವು ವಿಶೇಷಣಗಳು ಇದ್ದಕ್ಕಿದ್ದಂತೆ ಏರಿದ್ದನ್ನು ಸ್ಟ್ಯಾನ್‌ಫರ್ಡ್ ಸಂಶೋಧಕರ ತಂಡ 2024ರಲ್ಲಿ ತೋರಿಸಿತು. ಈ ಪದ ಪುಟಕ್ಕೆ ಮೂರು ಸಲ ಬಂದರೆ, ಇದನ್ನು ಯಂತ್ರ ಬರೆದಿದೆಯೇ ಎಂಬ ಅನುಮಾನ ಓದುವವರಿಗೆ ಬರಬಹುದು. ನಿಮ್ಮ ಕೆಲಸದ ನಿಜವಾದ ವಿವರ ಪಕ್ಕದಲ್ಲಿದ್ದರೆ ಆ ಅನುಮಾನಕ್ಕೆ ಎಡೆಯಿಲ್ಲ.

ಕೊನೆಯ ಪ್ರಶ್ನೆ, ಕಲಿಯುವ ಕ್ರಮ. ಎಷ್ಟೋ ಜನ, ವಿದೇಶದ ಉನ್ನತ ಓದಿಗೆ ಬರೆಯುವ ಜಿಆರ್‌ಇ ಪರೀಕ್ಷೆಯ ಪದಪಟ್ಟಿ ಕೊಂಡು ದಿನಕ್ಕೆ ಮೂವತ್ತು ಪದ ಎಂದು ಹೊರಟು ‘ಎ’ ಅಕ್ಷರ ಮುಗಿಯುವ ಮೊದಲೇ ಕೈಬಿಡುತ್ತಾರೆ. ಅಕಾರಾದಿಯಲ್ಲಿ ಪಕ್ಕಪಕ್ಕ ನಿಂತ ಪದಗಳಿಗೆ ಒಂದಕ್ಕೊಂದು ಸಂಬಂಧವಿರುವುದಿಲ್ಲ, ರೂಪ ಮಾತ್ರ ಒಂದೇ ಥರ. ಅದರಿಂದ ಒಂದು ಇನ್ನೊಂದರ ಜೊತೆ ಕಲಸಿಹೋಗುತ್ತದೆ. ವಾರಕ್ಕೆ ಮೂರು ಪದ ಸಾಕು, ಅವೂ ನೀವು ನಿಜವಾಗಿ ಎದುರಾದ ಪದಗಳಾಗಿರಲಿ: ಇಮೇಲ್, ಕ್ವಾಲಿಟಿ ಮ್ಯಾನ್ಯುಯಲ್, ಗ್ರಾಹಕರ ದೂರು, ಪತ್ರಿಕೆ.

ಒಂದು ನೋಟ್‌ಬುಕ್ ಇಡಿ, ಪದಕ್ಕೊಂದು ಪುಟ. ಮೇಲೆ ನೀವು ಆ ಪದ ಕಂಡ ವಾಕ್ಯವನ್ನು ಪೂರ್ತಿ ಬರೆಯಿರಿ. ಅದರ ಕೆಳಗೆ ಪದವನ್ನು ತುಂಡು ಮಾಡಿ, ಒತ್ತು ಬೀಳುವ ತುಂಡಿಗೆ ಅಡಿಗೆರೆ ಹಾಕಿ. ನಂತರ ಅದರ ಜೊತೆ ಬರುವ ಮೂರು ನಾಮಪದ, ಮುಂದೆ ಬರುವ ಸಂಬಂಧಸೂಚಕ. ಪಕ್ಕದ ಒಂದು ಪದ, ಅದರಿಂದ ಇದು ಹೇಗೆ ಬೇರೆ ಎಂದು ಒಂದೇ ಸಾಲು, ಕನ್ನಡದಲ್ಲೇ ಬರೆದರೂ ನಡೆಯುತ್ತದೆ. ಕೊನೆಗೆ ನಿಮ್ಮ ಕೆಲಸದ ಬಗ್ಗೆ ನಿಮ್ಮದೇ ಎರಡು ವಾಕ್ಯ. ಒಂದು ಪದಕ್ಕೆ ಕಾಲು ಗಂಟೆ ಹಿಡಿಯುತ್ತದೆ. ಕನ್ನಡ ಅರ್ಥ ಬರೆಯುವುದು ಕೊನೆಯ ಕೆಲಸ, ಅದೂ ಒಂದೇ ಪದವಾಗದಿರಲಿ. ‘ಮೆಟಿಕ್ಯುಲಸ್’ ಎಂದರೆ ‘ಎಚ್ಚರಿಕೆಯ’ ಎಂದಷ್ಟೇ ಬರೆದುಕೊಂಡವರೇ ರಸ್ತೆ ದಾಟುವವರಿಗೆ ಅದನ್ನು ಬಳಸುವುದು.

ಅರ್ಥ ನೋಡಲು ಕಲಿಯುವವರಿಗಾಗಿಯೇ ಮಾಡಿದ ಇಂಗ್ಲಿಷ್-ಇಂಗ್ಲಿಷ್ ಡಿಕ್ಷನರಿ ಬಳಸಿ. ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್, ಲಾಂಗ್‌ಮನ್, ಕೇಂಬ್ರಿಜ್ ಮೂರೂ ಇಂಟರ್‌ನೆಟ್‌ನಲ್ಲಿ ಉಚಿತ, ಮೂರರಲ್ಲೂ ಉಚ್ಚಾರಣೆ ಕೇಳಬಹುದು. ಲಾಂಗ್‌ಮನ್ ತನ್ನ ವಿವರಣೆಗಳನ್ನು ಸುಮಾರು 2,000 ಸುಲಭ ಪದಗಳ ಒಳಗೇ ಬರೆಯುತ್ತದೆ, ಆದ್ದರಿಂದ ಕನ್ನಡ ಮಾಧ್ಯಮದಿಂದ ಬಂದವರಿಗೆ ಅದು ಒಳ್ಳೆಯ ಆರಂಭ. ಉದಾಹರಣೆ ವಾಕ್ಯಗಳನ್ನು ಹಾರಿಸಬೇಡಿ. ಪದದ ಜೊತೆಗಾರರು ಸಿಗುವುದು ಅಲ್ಲೇ. ಜೊತೆಗಾರರಿಗಾಗಿಯೇ ಇರುವ ಕೊಲೊಕೇಷನ್ ಡಿಕ್ಷನರಿಗಳೂ ಇವೆ, ಬರೆಯುವ ಕೆಲಸ ಹೆಚ್ಚಿದ್ದವರಿಗೆ ಅವು ಬೆಲೆಬಾಳುತ್ತವೆ. ಧಾತು ಹಿಡಿದು ಪದ ಕಲಿಯುವ ವಿಧಾನ ಕೆಲವೆಡೆ ಮಾತ್ರ ಫಲ ಕೊಡುತ್ತದೆ: ‘ಪೋರ್ಟ್’ ಎಂಬ ಧಾತು ಗೊತ್ತಾದರೆ ‘ಎಕ್ಸ್‌ಪೋರ್ಟ್’, ‘ಪೋರ್ಟಬಲ್’, ‘ಟ್ರಾನ್ಸ್‌ಪೋರ್ಟ್’ ಎಲ್ಲ ತೆರೆದುಕೊಳ್ಳುತ್ತವೆ, ‘ಮೆಟುಸ್’ನಿಂದ ದಿನಬಳಕೆಗೆ ಸಿಗುವ ಇನ್ನೊಂದು ಪದವೂ ಇಲ್ಲ.

ಮರುಓದು ತಪ್ಪಿಸಬಾರದು. ಬರೆದ ಮರುದಿನ, ಮೂರನೇ ದಿನ, ಏಳನೇ ದಿನ, ಹದಿನೈದನೇ ದಿನ, ಒಂದು ತಿಂಗಳಿಗೆ ಆ ಪುಟ ತೆರೆಯಿರಿ. ಬರೀ ಕಣ್ಣಾಡಿಸಿದರೆ ಗೊತ್ತಿದೆ ಎಂಬ ಭ್ರಮೆ ಹುಟ್ಟುತ್ತದೆ. ಕೆಳಗಿನ ಭಾಗವನ್ನು ಕೈಯಿಂದ ಮುಚ್ಚಿ, ಜೊತೆಗಾರರನ್ನೂ ಸಂಬಂಧಸೂಚಕವನ್ನೂ ನೆನಪಿನಿಂದ ಹೇಳಿ, ಹೊಸದೊಂದು ವಾಕ್ಯ ಕಟ್ಟಿ, ಆಮೇಲೆ ಕೈ ತೆಗೆದು ನೋಡಿ. ತಪ್ಪಿದ ಪದವನ್ನು ಮತ್ತೆ ಮೊದಲ ದಿನಕ್ಕೆ ತನ್ನಿ.

ಓದಿದರೆ ತಿಳಿಯಬೇಕಾದ ಪದ ಬೇರೆ, ನೀವೇ ಬಳಸಬೇಕಾದ ಪದ ಬೇರೆ. ‘ಪಂಕ್ಟಿಲಿಯಸ್’, ‘ಫಾಸ್ಟಿಡಿಯಸ್’ ಮೊದಲ ಗುಂಪಿನವು. ಅವಕ್ಕೆ ಪುಟ ಬೇಡ, ಒಂದು ಸಾಲು ಸಾಕು. ನಿಮ್ಮ ಕೆಲಸಕ್ಕೆ ಎರಡನೇ ಗುಂಪಿಗೆ ಮೊದಲು ಸೇರಬೇಕಾದವು ‘ಥರೋ’, ‘ಅಕ್ಯುರೇಟ್’, ‘ಕನ್ಸಿಸ್ಟೆಂಟ್’, ಅವುಗಳ ಹಿಂದೆಯೇ ‘ಮೆಟಿಕ್ಯುಲಸ್’. ಹೊಸ ಪದವನ್ನು ಮೊದಲು ಇಮೇಲ್‌ನಲ್ಲಿ ಬಳಸಿ, ಅಲ್ಲಿ ಕಳಿಸುವ ಮುನ್ನ ಡಿಕ್ಷನರಿ ನೋಡಲು ಸಮಯವಿರುತ್ತದೆ. ನಾಲ್ಕಾರು ಸಲ ಬರೆದ ಮೇಲೆ ಮೀಟಿಂಗ್‌ನಲ್ಲಿ ಬಾಯಿಬಿಟ್ಟು ಹೇಳಿ.